ಪಾಕೀಟಿನ ಮೇಲೆ ‘ರೈಜೋಬಿಯಂ’ ಅಂತಿದ್ರೆ ಸಾಲದು, ಯಾವ ಬೆಳೆದು ಅಂತ ಕೇಳ್ರಿ

ಹೋದ ಹಿಂಗಾರಿಯಲ್ಲಿ ನಾನೊಂದು ತಪ್ಪು ಮಾಡಿದೆ. ಮುಂಗಾರಿಗೆ ಸೋಯಾ ಬಿತ್ತುವಾಗ ತಂದಿದ್ದ ರೈಜೋಬಿಯಂ ಪಾಕೀಟುಗಳಲ್ಲಿ ಎರಡು ಉಳಿದಿದ್ದವು. ಅವಧಿ ಇನ್ನೂ ಮುಗಿದಿರಲಿಲ್ಲ. ಕಡಲೆಗೆ ಬೇರೆ ತರಬೇಕೇನು ಅಂತ ಗೊಬ್ಬರದ ಅಂಗಡಿಯಲ್ಲಿ ಕೇಳಿದೆ. “ರೈಜೋಬಿಯಂ ಎಲ್ಲಾ ಒಂದರೀ, ಯಾವ ಕಾಳಿಗಾದ್ರೂ ನಡೀತೈತಿ” ಅಂದ್ರು. ನಂಬಿದೆ. ಬೆಲ್ಲದ ಪಾಕ ಮಾಡಿ, ಆರಿಸಿ, ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಒಣಗಿಸಿ ಬಿತ್ತಿದೆವು. ಬದುವಿನ ಕಡೆಯ ಆರು ಸಾಲಿಗೆ ಬೀಜೋಪಚಾರದ ಬೀಜ ಸಾಲಲಿಲ್ಲ. ಚೀಲದಲ್ಲಿದ್ದ ಬೀಜವನ್ನೇ ಹಾಗೇ ಕೂರಿಗೆಗೆ ಹಾಕಿದೆವು.

ನಲವತ್ತು ದಿನ ಆದಮೇಲೆ ಸಲಿಕೆ ಹಾಕಿ ಎರಡೂ ಕಡೆಯಿಂದ ನಾಲ್ಕಾರು ಗಿಡ ಎತ್ತಿ ಬೇರು ತೊಳೆದು ನೋಡಿದೆ. ಉಪಚಾರ ಮಾಡಿದ ಗಿಡಕ್ಕೂ ಮಾಡದ ಗಿಡಕ್ಕೂ ಒಂದು ಕೂದಲೆಳೆಯಷ್ಟೂ ಫರಕು ಇರಲಿಲ್ಲ. ಎರಡರಲ್ಲೂ ಅಲ್ಲೊಂದು ಇಲ್ಲೊಂದು ಗಂಟು. ಅವು ಹೊಲದ ಮಣ್ಣಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾ ಮಾಡಿದ ಗಂಟು, ನಾನು ಹಚ್ಚಿದ್ದು ಮಾಡಿದ್ದಲ್ಲ. ಮನೆಗೆ ಬಂದು ಖಾಲಿ ಪಾಕೀಟು ಹುಡುಕಿ ತಿರುಗಿಸಿ ಓದಿದೆ. ಮುಂದೆ ದೊಡ್ಡ ಅಕ್ಷರದಲ್ಲಿ ರೈಜೋಬಿಯಂ. ಹಿಂದೆ ಬೆರಳುಗುರಿನಷ್ಟು ಜಾಗದಲ್ಲಿ, ಇಂಗ್ಲಿಷಿನಲ್ಲಿ, ‘ಸೋಯಾಬೀನ್‌ಗೆ’ ಅಂತ.

ಬೆಳೆ ಹಾಳಾಗಲಿಲ್ಲ, ಅದು ನಿಜ. ಹೋದದ್ದು ಎರಡು ಪಾಕೀಟಿನ ರೊಕ್ಕ, ಒಂದು ಮುಂಜಾನೆಯ ಕೆಲಸ. ಆದರೆ ಇದರಲ್ಲಿ ದೊಡ್ಡ ಲುಕ್ಸಾನು ಬೇರೆಯೇ ಇದೆ. ಹೀಗೆ ಒಂದು ಸಲ ಆದ ರೈತ “ಈ ಜೈವಿಕ ಗೊಬ್ಬರ ಎಲ್ಲಾ ಬರೇ ಸುಳ್ಳು” ಅಂತ ತೀರ್ಮಾನಕ್ಕೆ ಬರ್ತಾನೆ, ಮರುವರ್ಷ ಇನ್ನೊಂದು ಚೀಲ ಯೂರಿಯಾ ತರ್ತಾನೆ. ತಪ್ಪು ಬ್ಯಾಕ್ಟೀರಿಯಾದ್ದಲ್ಲ, ಹೆಸರಿನದು. ಆದ್ದರಿಂದ ಈ ವಾರ ನಾನು ಹೇಳೋದು ಒಂದೇ ಮಾತು: ಬ್ಯಾಕ್ಟೀರಿಯಾಗಳನ್ನು ಜಾತಿ ಕುಲ ಅಂತ ವಿಂಗಡಿಸೋದು ಬರೇ ವಿಜ್ಞಾನಿಗಳ ಪ್ರಯೋಗಾಲಯದ ಕೆಲಸ ಅಂತ ಬಿಡಬ್ಯಾಡ್ರಿ. ಆ ವಿಂಗಡಣೆ ನಮ್ಮ ಬೀಜದ ಬುಟ್ಟಿಗೆ ಬಂದು ಮುಟ್ಟುತ್ತದೆ. ಪಾಕೀಟಿನ ಮೇಲೆ ಬೆಳೆಯ ಹೆಸರು ದೊಡ್ಡದಾಗಿ, ಕನ್ನಡದಲ್ಲಿ ಇರಬೇಕು. ಇಲ್ಲದಿದ್ದರೆ ನಾವು ಕೊಳ್ಳಬಾರದು.

ಒಂದೇ ಹೆಸರಿನೊಳಗೆ ಮೂರು ಮನೆತನ

ಕಾಳಿನ ಬೆಳೆಗಳ ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿದಿಡುವ ಕೆಲಸ ನಡೀತದೆ ಅಂತ 1880ರ ದಶಕದಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ತ್ ತೋರಿಸಿಕೊಟ್ಟರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಮರುವರ್ಷ, 1889ರಲ್ಲಿ, ಫ್ರಾಂಕ್ ಎಂಬವರು ಅದಕ್ಕೆ ರೈಜೋಬಿಯಂ ಅಂತ ಹೆಸರಿಟ್ಟರು. ಗ್ರೀಕ್ ಮಾತಿನಲ್ಲಿ ‘ರೈಜಾ’ ಅಂದರೆ ಬೇರು, ‘ಬಯೋಸ್’ ಅಂದರೆ ಬದುಕು. ಬೇರಿನಲ್ಲಿ ಬದುಕುವುದು, ಅಷ್ಟೇ ಅರ್ಥ.

ಆಮೇಲೆ ಬಂದವರಿಗೆ ಒಂದು ವಿಷಯ ಗೊತ್ತಾಯಿತು. ಬಟಾಣಿ ಗಂಟಿನಿಂದ ತೆಗೆದದ್ದನ್ನು ಸೋಯಾಕ್ಕೆ ಹಚ್ಚಿದರೆ ಗಂಟು ಬರೋದಿಲ್ಲ. ಸೋಯಾದ್ದು ಬಟಾಣಿಗೆ ಹತ್ತೋದಿಲ್ಲ. ಹಾಗಾಗಿ ಯಾವುದು ಯಾವ ಬೆಳೆಗೆ ಹತ್ತುತ್ತದೆ ಅಂತ ಗುಂಪು ಮಾಡಿದರು. 1932ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡ್, ಬಾಲ್ಡ್ವಿನ್ ಮತ್ತು ಮ್ಯಾಕಾಯ್ ಈ ಲೆಕ್ಕವನ್ನು ಒಂದು ದೊಡ್ಡ ಪುಸ್ತಕದಲ್ಲಿ ಕೂಡಿಸಿದರು. ಆಗ ಕುಲ ಒಂದೇ, ರೈಜೋಬಿಯಂ. ಒಳಗಿನ ಪ್ರಭೇದಗಳಿಗೆ ಬೆಳೆಯ ಗುಂಪೇ ಆಧಾರ.

ಆದರೆ ಪ್ರಯೋಗಾಲಯದಲ್ಲಿ ಇನ್ನೊಂದು ಫರಕು ಕಣ್ಣಿಗೆ ಹೊಡೆಯುತ್ತಿತ್ತು. ಯೀಸ್ಟ್ ಸಾರ, ಮ್ಯಾನಿಟಾಲ್ ಹಾಕಿದ ತಟ್ಟೆಯ ಮೇಲೆ ಬಟಾಣಿಯ ಬ್ಯಾಕ್ಟೀರಿಯಾ ಮೂರು ನಾಲ್ಕು ದಿನದಲ್ಲೇ ದಪ್ಪ ಹನಿಯ ಹಾಗೆ ಬೆಳೆದು, ಬಣ್ಣದ ಸೂಚಕವನ್ನು ಹಳದಿಗೆ ತಿರುಗಿಸುತ್ತದೆ, ಅಂದರೆ ಹುಳಿ ಬಿಡುತ್ತದೆ. ಸೋಯಾದ್ದು ಒಂದು ವಾರ ಆದರೂ ಸಾಸಿವೆಗಿಂತ ಸಣ್ಣ ಚುಕ್ಕೆ. ಅದು ಸೂಚಕವನ್ನು ನೀಲಿಗೆ ತಿರುಗಿಸುತ್ತದೆ. ಒಂದು ಓಡುವ ಎತ್ತು, ಒಂದು ಮೆಲ್ಲಗೆ ನಡೆಯುವ ಎತ್ತು. 1982ರಲ್ಲಿ ಜೋರ್ಡಾನ್ ಎಂಬ ವಿಜ್ಞಾನಿ ಮೆಲ್ಲಗೆ ಬೆಳೆಯುವವುಗಳನ್ನು ಬೇರೆ ಮನೆ ಮಾಡಿ ಕೂಡಿಸಿದರು. ಅದೇ ಬ್ರಾಡಿರೈಜೋಬಿಯಂ. ‘ಬ್ರಾಡಿ’ ಅಂದರೆ ನಿಧಾನ. ನಮ್ಮ ಸೋಯಾದ ಬ್ಯಾಕ್ಟೀರಿಯಾ ಅಂದಿನಿಂದ ಬ್ರಾಡಿರೈಜೋಬಿಯಂ ಜಪೋನಿಕಂ.

ಕಡಲೆಯದು ಇನ್ನೂ ಮಜಾ ಇದೆ. 1994ರಲ್ಲಿ ಅದಕ್ಕೆ ರೈಜೋಬಿಯಂ ಸಿಸೆರಿ ಅಂತ ಹೆಸರಾಯಿತು. ಮೂರೇ ವರ್ಷಕ್ಕೆ, 1997ರಲ್ಲಿ, ವಂಶವಾಹಿ ಹೋಲಿಸಿ ನೋಡಿದಾಗ ಅದು ಬಟಾಣಿಯದರ ಮನೆಯಲ್ಲೂ ಇಲ್ಲ, ಸೋಯಾದ್ದರ ಮನೆಯಲ್ಲೂ ಇಲ್ಲ ಅಂತ ಗೊತ್ತಾಗಿ ಮೀಸೋರೈಜೋಬಿಯಂ ಅನ್ನೋ ಮೂರನೇ ಮನೆ ಆಯಿತು. ‘ಮೀಸೋ’ ಅಂದರೆ ನಡುವಿನದು. ಬೆಳೆಯುವ ವೇಗದಲ್ಲೂ ಅದು ನಡುವಿನದೇ.

ಅಂದರೆ ಅಂಗಡಿಯಲ್ಲಿ ನಾವು ಒಂದೇ ಹೆಸರಿನಿಂದ ಕೇಳುವ ವಸ್ತು ಕನಿಷ್ಠ ಮೂರು ಬೇರೆ ಬೇರೆ ಕುಲದ ಜೀವ. ಸೋಯಾ ಪಾಕೀಟನ್ನು ಕಡಲೆಗೆ ಹಚ್ಚಿದ್ದು ಮಲಪ್ರಭೆ ದಡದ ಎತ್ತನ್ನು ಮೀನಿನ ಬಲೆಗೆ ಕಟ್ಟಿದ ಹಾಗೆ. ಎತ್ತು ಗಟ್ಟಿಯಾಗೇ ಇದೆ, ಕೆಲಸ ಅದರದಲ್ಲ.

ನಮ್ಮ ನಾಲ್ಕು ತಾಲೂಕಿಗೆ ಇದರ ಲೆಕ್ಕ

ಬೇರೆ ಕಡೆಯವರಿಗೆ ಇದು ಬರೇ ಹೆಸರಿನ ಮಾತು ಅನ್ನಿಸಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೆ ಹಾಗಲ್ಲ. ಯಾಕಂದ್ರೆ ಇಲ್ಲಿ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಹೊಲದಲ್ಲಿ, ವರ್ಷಕ್ಕೆ ಎರಡು ಮೂರು ಜಾತಿ ಕಾಳು ಬರ್ತದೆ. ಬೈಲಹೊಂಗಲ, ಕಿತ್ತೂರು ಕಡೆ ಮುಂಗಾರಿಗೆ ಸೋಯಾ, ಅದು ಕಟಾವಾದ ಮೇಲೆ ಕಡಲೆ. ಸವದತ್ತಿ, ರಾಮದುರ್ಗದ ಎರಿ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಇಲ್ಲಾ ಜೋಳ. ಮಸಾರಿ ಹೊಲ ಇದ್ದವರು ಶೇಂಗಾ, ತೊಗರಿ ಹಾಕ್ತಾರೆ. ನೀರಿದ್ದವರು ದನಕ್ಕೆ ಅಂತ ಒಂದೆರಡು ಗುಂಟೆ ಕುದುರೆ ಮೆಂತೆ ಬೆಳೀತಾರೆ. ಮೇಲಿನ ಮನೆತನಗಳೆಲ್ಲ ಒಂದೇ ಬದುವಿನ ಒಳಗೆ ಬಂದು ಕೂತಿವೆ.

ಫೋನಿನಲ್ಲಿ ಈ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ:

• ಸೋಯಾ: ಬ್ರಾಡಿರೈಜೋಬಿಯಂ, ಅದರಲ್ಲೂ ಸೋಯಾಕ್ಕೆ ಹತ್ತುವ ಜಪೋನಿಕಂ ಮತ್ತು ಅದರ ಹತ್ತಿರದ ಪ್ರಭೇದಗಳು.
• ಕಡಲೆ: ಮೀಸೋರೈಜೋಬಿಯಂ. ಕಡಲೆ ಬಹಳ ಹಟದ ಬೆಳೆ, ತನ್ನದು ಬಿಟ್ಟು ಬೇರೆಯದನ್ನು ಹತ್ತಿರ ಬಿಟ್ಟುಕೊಳ್ಳೋದಿಲ್ಲ.
• ಹೆಸರು, ಉದ್ದು, ಅಲಸಂದಿ, ಹುರುಳಿ, ಶೇಂಗಾ, ತೊಗರಿ: ಹಳೆಯ ಲೆಕ್ಕದಲ್ಲಿ ‘ಅಲಸಂದಿ ಗುಂಪು’. ಬಹುಪಾಲು ಬ್ರಾಡಿರೈಜೋಬಿಯಂ. ಇವು ಅಷ್ಟು ಹಟ ಮಾಡೋದಿಲ್ಲ, ಒಂದರದ್ದು ಇನ್ನೊಂದಕ್ಕೆ ತಕ್ಕಮಟ್ಟಿಗೆ ಹತ್ತುತ್ತದೆ. ಆದರೂ ಆಯಾ ಬೆಳೆಗೆ ಆರಿಸಿದ ತಳಿ ಇದ್ದರೆ ಒಳ್ಳೆಯದು.
• ಬಟಾಣಿ, ಮಸೂರ: ರೈಜೋಬಿಯಂ ಲೆಗ್ಯುಮಿನೋಸಾರಮ್. ಹೆಸರಿಗೆ ತಕ್ಕ ನಿಜವಾದ ರೈಜೋಬಿಯಂ ಇದು.
• ಮೆಂತೆ, ಕುದುರೆ ಮೆಂತೆ: ಎನ್ಸಿಫರ್ ಮೆಲಿಲೋಟಿ. ಎರಡಕ್ಕೂ ಒಂದೇ ಬ್ಯಾಕ್ಟೀರಿಯಾ. ಹೆಸರಿನಲ್ಲಿ ಎರಡನ್ನೂ ಒಂದೇ ಕಡೆ ಕಟ್ಟಿದ ನಮ್ಮ ಹಿರಿಯರ ಕಣ್ಣು ಸುಳ್ಳಾಗಲಿಲ್ಲ ನೋಡ್ರಿ.

ಸೋಯಾ ಮತ್ತು ಹೆಸರು ಎರಡೂ ಬ್ರಾಡಿರೈಜೋಬಿಯಂ ಅಂತ ಇದೆಯಲ್ಲ, ಹಾಗಾದರೆ ಹೆಸರಿನ ಪಾಕೀಟು ಸೋಯಾಕ್ಕೆ ನಡೀತದಾ ಅಂತ ಕೇಳಬಹುದು. ನಂಬೋದಕ್ಕೆ ಆಗೋದಿಲ್ಲ. ಕುಲ ಒಂದೇ ಇದ್ದರೂ ತಳಿ ಬೇರೆ. ಸೋಯಾ ನಮ್ಮ ನೆಲದ ಹಳೇ ಬೆಳೆ ಅಲ್ಲ, ಹೊರಗಿನಿಂದ ಬಂದದ್ದು. ಹೆಸರು, ಕಡಲೆ ತಲೆತಲಾಂತರದಿಂದ ಇಲ್ಲಿವೆ, ಅವಕ್ಕೆ ಹತ್ತುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಹೆಚ್ಚೋ ಕಡಿಮೆಯೋ ಇರ್ತವೆ. ಸೋಯಾ ಎಂದೂ ಬೆಳೆಯದ ಹೊಲದಲ್ಲಿ ಅದರ ಬ್ಯಾಕ್ಟೀರಿಯಾವನ್ನು ನಾವೇ ಬೀಜದ ಜೊತೆ ಒಯ್ಯಬೇಕು. ಮೊದಲ ಸಲ ಸೋಯಾ ಹಾಕುವವರಿಗೆ ಸರಿಯಾದ ಪಾಕೀಟು ಬಹಳ ಮುಖ್ಯ ಅನ್ನೋದು ಇದಕ್ಕೇ.

ಇದರಿಂದ ಸಿಗೋದು ಎಷ್ಟು ಅಂತ ಒಂದು ಸಣ್ಣ ಲೆಕ್ಕ ಮಾಡೋಣ. ಸೋಯಾ ಕಾಳಿನಲ್ಲಿ ಸುಮಾರು ಶೇ. 40ರಷ್ಟು ಪ್ರೋಟೀನ್. ಪ್ರೋಟೀನಿನ ತೂಕವನ್ನು 6.25ರಿಂದ ಭಾಗಿಸಿದರೆ ಅದರಲ್ಲಿನ ಸಾರಜನಕ ಬರ್ತದೆ. ಅಂದರೆ ಒಂದು ಕ್ವಿಂಟಲ್ ಸೋಯಾದಲ್ಲಿ ಸುಮಾರು 6.4 ಕೆ.ಜಿ. ಸಾರಜನಕ. ಎಕರೆಗೆ 8 ಕ್ವಿಂಟಲ್ ಬಂತು ಅಂತ ಹಿಡಿದರೆ ಕಾಳಿನಲ್ಲೇ 51 ಕೆ.ಜಿ. ಹೊಲದಿಂದ ಹೊರಗೆ ಹೋಯಿತು. 45 ಕೆ.ಜಿ. ಯೂರಿಯಾ ಚೀಲದಲ್ಲಿರೋದು 20.7 ಕೆ.ಜಿ. ಸಾರಜನಕ. ಹಾಗಾದರೆ ಎರಡೂವರೆ ಚೀಲ ಯೂರಿಯಾದಷ್ಟು ಆಯಿತು. ನಾವು ಬಿತ್ತುವಾಗ ಹಾಕೋ 50 ಕೆ.ಜಿ. ಡಿಎಪಿ ಚೀಲದಲ್ಲಿ ಸಾರಜನಕ ಬರೇ 9 ಕೆ.ಜಿ. ಮಿಕ್ಕಿದ್ದು ಎಲ್ಲಿಂದ ಬಂತು? ಒಂದಿಷ್ಟು ಮಣ್ಣಿನಿಂದ, ಒಂದಿಷ್ಟು ಗಂಟಿನಿಂದ. ಗಂಟು ಕೆಲಸ ಮಾಡದಿದ್ದರೆ ಅಷ್ಟೂ ನಮ್ಮ ಮಣ್ಣಿನ ಗಂಟಲಿಗೇ ಬೀಳ್ತದೆ.

“ಹೆಸರು ದಿನಾ ಬದಲಾಗ್ತದೆ, ಯಾಕೆ ತಲೆ ಕೆಡಿಸ್ಕೋಬೇಕು?”

ನನ್ನ ಮಾತಿಗೆ ಎದುರು ಮಾತು ಇದೆ, ಅದರಲ್ಲಿ ಅರ್ಧ ನಿಜಾನೂ ಇದೆ. ಕೃಷಿ ಓದಿದ ಗೆಳೆಯರೊಬ್ಬರು ಹೇಳ್ತಾರೆ: “ವಿಜ್ಞಾನಿಗಳೇ ಹತ್ತು ವರ್ಷಕ್ಕೊಮ್ಮೆ ಹೆಸರು ತಿರುವಿ ಹಾಕ್ತಾರೆ. ರೈತನಿಗೆ ಅದನ್ನ ಯಾಕೆ ಹೊರಿಸ್ತೀರಿ?”

ತಿರುವಿ ಹಾಕೋದು ಹೌದು. ಮೆಂತೆಯ ಬ್ಯಾಕ್ಟೀರಿಯಾ ನೋಡಿ. ಮೊದಲು ರೈಜೋಬಿಯಂ, ಆಮೇಲೆ 1988ರಲ್ಲಿ ಆದ ಸೈನೋರೈಜೋಬಿಯಂ ಅನ್ನೋ ಕುಲಕ್ಕೆ ಹೋಯಿತು. ಮುಂದೆ ನೋಡಿದರೆ 1982ರಲ್ಲೇ ಎನ್ಸಿಫರ್ ಅಂತ ಹೆಸರಿಟ್ಟ ಕುಲವೂ ಅದೇ ಅಂತಾಯಿತು. ಬ್ಯಾಕ್ಟೀರಿಯಾಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮ ಇದೆ: ಒಂದೇ ಕುಲಕ್ಕೆ ಎರಡು ಹೆಸರಿದ್ದರೆ ಮೊದಲು ನೋಂದಾದದ್ದಕ್ಕೇ ಹಕ್ಕು. ಹೊಲದ ಉತಾರದ ಜಗಳ ಇದ್ದ ಹಾಗೆ. ಹಾಗಾಗಿ ಎನ್ಸಿಫರ್ ಗೆದ್ದಿತು. ಆದರೂ ಹಳೆಯ ಹೆಸರು ಬಿಡದವರು ಇನ್ನೂ ಇದ್ದಾರೆ.

ಇನ್ನೊಂದು ತೊಡಕು ಇದೆ. ಗಂಟು ಕಟ್ಟುವ ವಂಶವಾಹಿಗಳು ಈ ಬ್ಯಾಕ್ಟೀರಿಯಾಗಳಲ್ಲಿ ಬಹಳ ಸಲ ಬೇರೆ ಗಂಟಾಗಿ ಇರ್ತವೆ, ಒಂದರಿಂದ ಇನ್ನೊಂದಕ್ಕೆ ದಾಟಿಯೂ ಹೋಗ್ತವೆ. ನ್ಯೂಜಿಲೆಂಡಿನಲ್ಲಿ ಲೋಟಸ್ ಅನ್ನೋ ಮೇವಿನ ಬೆಳೆಗೆ ಮೀಸೋರೈಜೋಬಿಯಂ ಹಚ್ಚಿ ಬಿತ್ತಿದ್ದರು. ಏಳು ವರ್ಷ ಆದಮೇಲೆ ಗಂಟು ಒಡೆದು ನೋಡಿದರೆ ಒಳಗೆ ಹಚ್ಚಿದ ತಳಿಯ ಜೊತೆ ಬೇರೆ ಬ್ಯಾಕ್ಟೀರಿಯಾಗಳೂ ಇದ್ದವು. ಮಣ್ಣಿನಲ್ಲಿದ್ದ ಸ್ಥಳೀಯ ಬ್ಯಾಕ್ಟೀರಿಯಾಗಳು ಆ ವಂಶವಾಹಿ ಗಂಟನ್ನು ಪಡೆದುಕೊಂಡು ತಾವೇ ಗಂಟು ಕಟ್ಟೋಕೆ ಶುರು ಮಾಡಿದ್ದವು. ಇದನ್ನು 1995ರಲ್ಲಿ ಪ್ರಕಟಿಸಿದರು. ಅತ್ತ 2001ರಲ್ಲಿ, ಗುಲಾಬಿ, ದ್ರಾಕ್ಷಿ ಬುಡಕ್ಕೆ ಗಡ್ಡೆ ರೋಗ ತರುವ ಅಗ್ರೋಬ್ಯಾಕ್ಟೀರಿಯಂ ಕೂಡ ರೈಜೋಬಿಯಂ ಕುಲಕ್ಕೇ ಸೇರಬೇಕು ಅಂತ ಕೆಲವು ವಿಜ್ಞಾನಿಗಳು ಹೇಳಿದರು. ಒಂದೇ ಮನೆಯಲ್ಲಿ ಅನ್ನ ಹಾಕುವವನೂ ಇದ್ದಾನೆ, ಕಳ್ಳನೂ ಇದ್ದಾನೆ ಅನ್ನೋ ಹಾಗೆ.

ಇದರಿಂದ ನಾನು ತೆಗೆಯೋ ಪಾಠ ‘ಹೆಸರು ಬಿಟ್ಟುಬಿಡಿ’ ಅನ್ನೋದಲ್ಲ. ಕುಲದ ಹೆಸರೊಂದೇ ಸಾಲದು, ಬೆಳೆಯ ಹೆಸರೂ ಬೇಕು ಅನ್ನೋದು. ಕುಲದ ಹೆಸರು ಇದು ಯಾವ ಜೀವ, ಹೇಗೆ ಬೆಳೀತದೆ, ಎಷ್ಟು ಜೋಪಾನ ಬೇಕು ಅಂತ ಹೇಳ್ತದೆ. ಬೆಳೆಯ ಹೆಸರು ಇದು ನಿಮ್ಮ ಹೊಲದಲ್ಲಿ ಏನು ಮಾಡ್ತದೆ ಅಂತ ಹೇಳ್ತದೆ. ಪ್ರಯೋಗಾಲಯದವರು ಮೊದಲನೆಯದರ ಬಗ್ಗೆ ಜಗಳಾಡಲಿ, ಅದು ಅವರ ಕೆಲಸ. ಎರಡನೆಯದರಲ್ಲಿ ಜಗಳಕ್ಕೆ ಜಾಗ ಇಲ್ಲ. ಅದನ್ನು ಮುಚ್ಚಿಟ್ಟು ಮಾರೋದಕ್ಕೆ ಯಾವ ನೆಪವೂ ಇಲ್ಲ.

ಇದು ಉಸಿರಾಡೋ ಜೀವ

ಈ ಎಲ್ಲಾ ಮನೆತನಗಳಿಗೂ ಕೂಡಿದ ಒಂದು ಗುಣ ಇದೆ: ಇವಕ್ಕೆ ಗಾಳಿ ಬೇಕು, ಆಮ್ಲಜನಕ ಇಲ್ಲದೆ ಬದುಕೋದಿಲ್ಲ. ಮಜಾ ಏನಂದ್ರೆ ಸಾರಜನಕ ಹಿಡಿಯೋ ಕಿಣ್ವಕ್ಕೆ ಆಮ್ಲಜನಕವೇ ವೈರಿ, ತಾಗಿದರೆ ಕೆಟ್ಟುಹೋಗ್ತದೆ. ಈ ಪೇಚನ್ನು ಗಿಡ ಬಿಡಿಸ್ತದೆ. ಗಂಟಿನೊಳಗೆ ನಮ್ಮ ರಕ್ತದ ಹಿಮೋಗ್ಲೋಬಿನ್ನಿನಂಥದೇ ಒಂದು ವಸ್ತು ಮಾಡಿ, ಆಮ್ಲಜನಕವನ್ನು ಹಿಡಿದು ಹಿಡಿದು ಬ್ಯಾಕ್ಟೀರಿಯಾಗೆ ಬೇಕಾದಷ್ಟೇ ಕೊಡ್ತದೆ. ಒಳ್ಳೆಯ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಕೆಂಪು ಕಾಣೋದು ಇದರಿಂದಲೇ.

ಕಿತ್ತೂರು, ಬೈಲಹೊಂಗಲ ಕಡೆ ಜುಲೈ ಆಗಸ್ಟ್ ಜಡಿಮಳೆಯಲ್ಲಿ ಎರಿ ಹೊಲದಲ್ಲಿ ನೀರು ನಿಂತು ಸೋಯಾ ಹಳದಿ ಆಗೋದನ್ನ ಎಲ್ಲಾರೂ ನೋಡೀವಿ. ಕೂಡಲೇ ಯೂರಿಯಾ ಎರಚೋರು ಬಹಳ. ಮೊದಲು ಮಾಡಬೇಕಾದ್ದು ನೀರು ಹೊರಗೆ ಬಿಡೋದು. ನಿಂತ ನೀರಿನಲ್ಲಿ ಗಂಟಿಗೆ ಉಸಿರು ಕಟ್ಟಿರ್ತದೆ. ಬಸಿಗಾಲುವೆ ತೆಗೆದರೆ ಇಲ್ಲಾ ಮೊದಲೇ ಏರು ಮಡಿ ಮಾಡಿ ಬಿತ್ತಿದರೆ ಆ ತಾಪತ್ರಯ ಕಡಿಮೆ. ಯೂರಿಯಾ ಹೆಚ್ಚಾದಷ್ಟೂ ಗಿಡ ಗಂಟು ಕಟ್ಟೋದನ್ನ ಬಿಡ್ತದೆ. ಕೂತಲ್ಲಿ ಊಟ ಬಂದರೆ ಅಡುಗೆ ಯಾರು ಮಾಡ್ತಾರೆ? ಹಾಗೇ ಭತ್ತ ಬೆಳೆದು ತಿಂಗಳುಗಟ್ಟಲೆ ನೀರು ನಿಂತಿದ್ದ ಗದ್ದೆಯಲ್ಲಿ ಈ ಬ್ಯಾಕ್ಟೀರಿಯಾ ಕಡಿಮೆ ಆಗಿರ್ತವೆ. ಅಲ್ಲಿ ಕಡಲೆ ಹಾಕುವವರು ಬೀಜೋಪಚಾರ ಬಿಡಬಾರದು.

ಪಾಕೀಟಿನದೂ ಅದೇ ಕಥೆ. ಒಳಗಿರೋದು ಪುಡಿ ಅಲ್ಲ, ಜೀವ. ತಗಡಿನ ಶೆಡ್ಡಿನಲ್ಲಿ, ಕಾರಿನ ಡಿಕ್ಕಿಯಲ್ಲಿ, ಬಿಸಿಲಿಗೆ ಇಟ್ಟ ಬೈಕಿನ ಚೀಲದಲ್ಲಿ ಅದು ಸಾಯ್ತದೆ. ಒಂದು ಲೆಕ್ಕ ಹೇಳ್ತೀನಿ. ಕಾನೂನಿನ ಪ್ರಕಾರ ಪುಡಿ ರೂಪದ ರೈಜೋಬಿಯಂನಲ್ಲಿ ಒಂದು ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕು, ದ್ರವದ್ದಾದರೆ ಒಂದು ಮಿ.ಲೀ.ಗೆ 10 ಕೋಟಿ. 200 ಗ್ರಾಂ ಪಾಕೀಟನ್ನು 10 ಕೆ.ಜಿ. ಸೋಯಾಕ್ಕೆ ಹಚ್ಚಿದರೆ ಒಂದೊಂದು ಬೀಜಕ್ಕೆ ಸುಮಾರು ಒಂದು ಲಕ್ಷ ಕೋಶ ಬರ್ತವೆ. ಬಿಸಿಲಿಗೆ ಹತ್ತರಲ್ಲಿ ಒಂಬತ್ತು ಸತ್ತರೆ ಉಳಿಯೋದು ಹತ್ತು ಸಾವಿರ. ಸೋಯಾದ್ದು ಮೊದಲೇ ‘ಬ್ರಾಡಿ’, ನಿಧಾನದವ. ಪಾಕೀಟು ಶುಚಿಯಾಗಿ ತಯಾರಾಗಿರದಿದ್ದರೆ ಬೇರೆ ಚುರುಕಿನ ಸೂಕ್ಷ್ಮಜೀವಿಗಳು ಇದನ್ನು ಹಿಂದೆ ಹಾಕಿ ಪುಡಿಯೆಲ್ಲಾ ತುಂಬಿಕೊಳ್ತವೆ. ಕುಲದ ಹೆಸರು ತಿಳಿದವನಿಗೆ ಈ ಜಾಗ್ರತೆ ತಾನಾಗೇ ಬರ್ತದೆ.

ಹಚ್ಚುವಾಗಲೂ ಕ್ರಮ ತಪ್ಪಬ್ಯಾಡ್ರಿ. ಶಿಲೀಂಧ್ರನಾಶಕ, ಕೀಟನಾಶಕ ಹಚ್ಚೋದಿದ್ದರೆ ಅವು ಮೊದಲು, ಬ್ಯಾಕ್ಟೀರಿಯಾ ಕಡೆಗೆ. ಥೈರಾಮ್, ಕಾರ್ಬೆಂಡಾಜಿಮ್‌ನಂಥವು ಇದಕ್ಕೂ ಪೆಟ್ಟು ಕೊಡ್ತವೆ, ಹಾಗಾಗಿ ಹಚ್ಚಿದ ಮೇಲೆ ಇಡದೆ ಬೇಗ ಬಿತ್ತಬೇಕು. ಕಡಲೆಗೆ ಸೊರಗು ರೋಗದ ಹೆದರಿಕೆ ಇದ್ದರೆ ಟ್ರೈಕೋಡರ್ಮಾ ಹಚ್ಚಿ, ಅದಕ್ಕೂ ಇದಕ್ಕೂ ಹೊಂದಾಣಿಕೆ ಇದೆ. ಬೆಲ್ಲದ ಪಾಕ ಪೂರ್ತಿ ಆರಿರಬೇಕು. ಸೋಯಾ ಬೀಜದ ಸಿಪ್ಪೆ ತೆಳು, ಜೋರಾಗಿ ತಿಕ್ಕಿದರೆ ಬಿರಿದು ಮೊಳಕೆ ಹೋಗ್ತದೆ. ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತಿ.

ನನ್ನ ಬೇಡಿಕೆ

ಜೈವಿಕ ಗೊಬ್ಬರಗಳನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ ತಂದರು. ಅಲ್ಲಿ ಇದಕ್ಕೆ ಇಟ್ಟ ಶೀರ್ಷಿಕೆ ‘ರೈಜೋಬಿಯಂ’ ಅಂತಲೇ. ಜೋರ್ಡಾನ್ ಸೋಯಾದ್ದನ್ನು ಬೇರೆ ಮಾಡಿ ಆಗಲೇ ಇಪ್ಪತ್ನಾಲ್ಕು ವರ್ಷ ಆಗಿತ್ತು. ಆದರೆ ಅದೇ ಆದೇಶದಲ್ಲಿ ನಮ್ಮ ಕೈಗೆ ಒಂದು ಬಲವಾದ ಮಾತನ್ನೂ ಕೊಟ್ಟಿದ್ದಾರೆ: ಪಾಕೀಟಿನ ಮೇಲೆ ಬರೆದ ಎಲ್ಲಾ ಬೆಳೆಗಳ ಮೇಲೂ ಅದು ಪರಿಣಾಮಕಾರಿ ಗಂಟು ಕಟ್ಟಿಸಬೇಕು. ಈ ಮಾತನ್ನು ಎರಡು ಸಲ ಓದ್ರಿ. ‘ಎಲ್ಲಾ ಕಾಳಿನ ಬೆಳೆಗೆ’ ಅಂತ ಬರೆದು ಮಾರುವವರು ಎಲ್ಲಾ ಕಾಳಿನ ಬೆಳೆಯಲ್ಲೂ ಗಂಟು ತೋರಿಸಬೇಕು. ಆಗೋದಿಲ್ಲ ಅಂದರೆ ಹಾಗೆ ಬರೆಯಬಾರದು.

ಹಾಗಾಗಿ ನಾನು ಕೇಳೋದು ಮೂರು. ಒಂದು, ಪಾಕೀಟಿನ ಮುಂಭಾಗದಲ್ಲಿ ಬೆಳೆಯ ಹೆಸರು ಕನ್ನಡದಲ್ಲಿ, ಕಂಪನಿಯ ಹೆಸರಿಗಿಂತ ದೊಡ್ಡದಾಗಿ ಇರಲಿ. ‘ಕಡಲೆಗೆ’, ‘ಸೋಯಾಕ್ಕೆ’, ‘ಹೆಸರಿಗೆ’, ಇಷ್ಟು ಸಾಕು. ಎರಡು, ಅದರ ಕೆಳಗೆ ಕುಲ, ಪ್ರಭೇದದ ಈಗಿನ ಹೆಸರು ಇರಲಿ. ಓದೋದಿಲ್ಲ ಅಂತ ಯಾರೂ ಅನ್ನಬ್ಯಾಡ್ರಿ. ಕೀಟನಾಶಕದ ಉದ್ದುದ್ದ ಹೆಸರು ಬಾಯಿಪಾಠ ಇರುವ ಹುಡುಗರಿಗೆ ಮೀಸೋರೈಜೋಬಿಯಂ ಏನು ಭಾರ? ಮೂರು, ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಹಿಂಗಾರಿ ಮುಂಚೆ ಕಡಲೆಯದು, ಮುಂಗಾರಿ ಮುಂಚೆ ಸೋಯಾದ್ದು ಬೇರೆ ಬೇರೆಯಾಗಿ ತರಿಸಲಿ, ಕೊಡುವಾಗ ಬಾಯಿಬಿಟ್ಟು ಹೇಳಲಿ.

ಇದು ಆಗೋವರೆಗೆ ಕೇಳೋ ಕೆಲಸ ನಮ್ಮದು. ಅಂಗಡಿಯಲ್ಲಿ ಪಾಕೀಟು ಕೈಗೆ ಬಂದ ಕೂಡಲೇ ತಿರುಗಿಸಿ. ಬೆಳೆಯ ಹೆಸರು, ತಯಾರಾದ ದಿನ, ಅವಧಿ, ಬ್ಯಾಚ್ ನಂಬರು ನೋಡಿ. ಸಣ್ಣ ಅಕ್ಷರ ಇದ್ದರೆ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ, ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ ತಗೊಳ್ಳಿ. ಬೆಳೆಯ ಹೆಸರು ಇಲ್ಲದಿದ್ದರೆ “ಇದು ಬ್ಯಾಡ್ರಿ” ಅಂತ ವಾಪಸ್ ಇಡಿ. ಸಿಗದಿದ್ದರೆ ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಧಾರವಾಡ ನಮಗೆ ದೂರದ ಊರೇನಲ್ಲ.

ಆರು ಸಾಲು ಬಿಡಿ

ಕಡೆಯದಾಗಿ, ನನ್ನನ್ನೂ ನಂಬಬ್ಯಾಡ್ರಿ, ಪಾಕೀಟನ್ನೂ ನಂಬಬ್ಯಾಡ್ರಿ. ಹೊಲವನ್ನು ಕೇಳ್ರಿ. ನನಗೆ ಅಕಸ್ಮಾತ್ ಉಳಿದ ಆರು ಸಾಲನ್ನು ನೀವು ಬೇಕಂತಲೇ ಬಿಡಿ. ಆ ಸಾಲುಗಳ ಬೀಜಕ್ಕೆ ಬ್ಯಾಕ್ಟೀರಿಯಾ ಹಚ್ಚಬೇಡಿ, ಮಿಕ್ಕಿದ್ದೆಲ್ಲಾ ಒಂದೇ ಇರಲಿ. ಕೂರಿಗೆಯಲ್ಲಿ ಮೊದಲು ಹಚ್ಚದ ಬೀಜ ಬಿತ್ತಿ, ಆಮೇಲೆ ಹಚ್ಚಿದ್ದು. ಉಲ್ಟಾ ಮಾಡಿದರೆ ಕೂರಿಗೆಗೆ ಅಂಟಿದ್ದು ಆ ಸಾಲಿಗೂ ಹೋಗ್ತದೆ. 35ರಿಂದ 45 ದಿನದ ನಡುವೆ ಎರಡೂ ಕಡೆ ಐದೈದು ಗಿಡ ಎತ್ತಿ. ಕಿತ್ತರೆ ಗಂಟು ಮಣ್ಣಿನಲ್ಲೇ ಉಳೀತವೆ, ಸಲಿಕೆ ಹಾಕಿ ಮಣ್ಣಿನ ಹೆಂಟೆ ಸಮೇತ ಎತ್ತಿ ನೀರಿನಲ್ಲಿ ಅದ್ದಿ ತೊಳೀರಿ. ಸೋಯಾದ ಗಂಟು ಗುಂಡಗೆ ಕಾಳಿನ ಹಾಗೆ ಇರ್ತವೆ. ಕಡಲೆಯವು ಕವಲೊಡೆದು ಶುಂಠಿಯ ಸಣ್ಣ ತುಂಡಿನ ಹಾಗೆ ಕಾಣ್ತವೆ. ಸೀಳಿ ನೋಡಿ. ಕೆಂಪಗಿದ್ದರೆ ದುಡೀತಿದೆ, ಬಿಳಿ ಇಲ್ಲಾ ಹಸಿರು ಇದ್ದರೆ ಕೂತು ತಿಂತಿದೆ.

ವರ್ಷಗಟ್ಟಲೆ ಸೋಯಾ ಬೆಳೆದ ಹೊಲದಲ್ಲಿ ಹಚ್ಚದ ಸಾಲಿನಲ್ಲೂ ಕೆಂಪು ಗಂಟು ತುಂಬಿದ್ದರೆ ನಿಮ್ಮ ಮಣ್ಣಿನಲ್ಲಿ ಆ ಬ್ಯಾಕ್ಟೀರಿಯಾ ನೆಲೆ ನಿಂತಿದೆ ಅಂತ ಅರ್ಥ. ಅದೂ ಒಳ್ಳೆಯ ಸುದ್ದಿಯೇ. ಹಚ್ಚಿದ ಸಾಲಿನಲ್ಲಿ ಹೆಚ್ಚು ಇದ್ದರೆ ಪಾಕೀಟಿನ ರೊಕ್ಕ ವಸೂಲಾಯಿತು. ಎರಡೂ ಕಡೆ ಬರಿದಾಗಿದ್ದರೆ ಫೋಟೋ, ಬಿಲ್ಲು, ಬ್ಯಾಚ್ ನಂಬರು ಹಿಡಕೊಂಡು ಕೃಷಿ ಇಲಾಖೆಯ ಅಧಿಕಾರಿಗಳ ಹತ್ತಿರ ಹೋಗಿ. ಗೊಬ್ಬರದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಅವರಿಗಿದೆ.

ಈ ಸಲ ನಾನು ಕಡಲೆಗೆ ಕಡಲೆಯ ಪಾಕೀಟನ್ನೇ ತರ್ತೀನಿ. ಆರು ಸಾಲು ಈ ಸಲ ಬೇಕಂತಲೇ ಬಿಡ್ತೀನಿ. ನಲವತ್ತನೇ ದಿನ ಸಲಿಕೆ ಹಿಡಕೊಂಡು ಹೊಲದಲ್ಲಿ ಇರ್ತೀನಿ. ನೀವೂ ಇರ್ರಿ.